ಹೈಫಾಂಗ್‌ನ ಇಂಗ್ಲಿಷ್ ಮೇಷ್ಟ್ರು

ಇಂಗ್ಲಿಷ್ ಹೇಳಿಕೊಡೋಕೆ ವಿಯೆಟ್ನಾಮಿಗೆ ಹೋಗ್ತೀನಿ ಅಂದಾಗ ಅಮ್ಮ ಮೊದಲು ನಕ್ಕಳು. ನಾನು ತಮಾಷೆ ಮಾಡುತ್ತಿಲ್ಲ ಅಂತ ಗೊತ್ತಾದ ಮೇಲೆ, "ಅಲ್ಲ ಕಣೋ, ಇಂಗ್ಲಿಷ್ ಅರ್ಥ ಆಗ್ತಿಲ್ಲ, ಕಾಲೇಜು ಬಿಟ್ಟು ಊರಿಗೆ ಬಂದ್ಬಿಡ್ತೀನಿ ಅಂತ ಹಾಸನದ ಹಾಸ್ಟೆಲಿಂದ ಫೋನ್ ಮಾಡಿ ಅತ್ತೋನು ನೀನೇ ಅಲ್ವಾ?" ಅಂದಳು.

ಹೌದು, ನಾನೇ. ಹತ್ತನೇ ಕ್ಲಾಸಿನವರೆಗೆ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ನಮ್ಮ ಕಾಲಕ್ಕೆ ಎಬಿಸಿಡಿ ಶುರುವಾಗುತ್ತಿದ್ದದ್ದೇ ಐದನೇ ಕ್ಲಾಸಿನಲ್ಲಿ. ಪಿಯುಸಿ ಸೈನ್ಸಿಗೆ ಸೇರಿದಾಗ ಮೊದಲ ಮೂರು ತಿಂಗಳು ಫಿಸಿಕ್ಸ್ ಲೆಕ್ಚರರ್ ಯಾವ ಪಾಠ ಮಾಡುತ್ತಿದ್ದಾರೆ ಅನ್ನೋದೂ ತಿಳಿಯುತ್ತಿರಲಿಲ್ಲ. ಹಾಗೂ ಹೀಗೂ ಇಂಜಿನಿಯರಿಂಗ್ ಮುಗಿಸಿ, 2015ರಲ್ಲಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ, ಎಂಟು ವರ್ಷ ಕೋಡ್ ಬರೆದೆ. 2023ರ ಆರಂಭದಲ್ಲಿ ಒಂದು ಬೆಳಗ್ಗೆ ಲ್ಯಾಪ್‌ಟಾಪ್ ಲಾಗಿನ್ ಆಗಲಿಲ್ಲ. ಐಟಿಯಲ್ಲಿರುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಮೂರು ತಿಂಗಳ ಸಂಬಳ ಕೈಗೆ ಕೊಟ್ಟು ಕಳಿಸಿದರು.

ಬೇರೆ ಕಂಪನಿ ಹುಡುಕಬಹುದಿತ್ತು, ಹುಡುಕಿದೆ ಕೂಡ. ಆದರೆ ಆ ಎಂಟು ವರ್ಷದಲ್ಲಿ ನನಗೆ ನಿಜವಾಗಿ ಖುಷಿ ಕೊಟ್ಟ ಕೆಲಸ ಅಂದರೆ, ಶನಿವಾರಗಳಲ್ಲಿ ಹೊಸದಾಗಿ ಸೇರಿದ ಹಳ್ಳಿ ಕಡೆಯ ಹುಡುಗರಿಗೆ ಮೀಟಿಂಗಿನಲ್ಲಿ ಮಾತಾಡೋಕೆ ಬೇಕಾದಷ್ಟು ಇಂಗ್ಲಿಷ್ ಹೇಳಿಕೊಡುತ್ತಿದ್ದದ್ದು. ಒಂದೆರಡು ವರ್ಷ ಹೊರಗೆಲ್ಲಾದರೂ ಇದನ್ನೇ ಮಾಡಿದರೆ ಹೇಗೆ ಅನ್ನಿಸಿತು. ಇಂಗ್ಲಿಷ್ ಕಲಿಸುವ ತರಬೇತಿಯನ್ನು ಆನ್‌ಲೈನ್‌ನಲ್ಲಿ ಮುಗಿಸಿ ಸರ್ಟಿಫಿಕೇಟ್ ತಗೊಂಡೆ. ಆಮೇಲೆ ಯಾವ ದೇಶ ಅಂತ ನೋಡುತ್ತಾ ಕೂತೆ.

ಮೊದಲು ಜಪಾನ್. ಅಲ್ಲಿನ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಲು ಇನ್‌ಸ್ಟ್ರಕ್ಟರ್ ಅನ್ನುವ ವೀಸಾ ಬೇಕು. ಅದಕ್ಕೊಂದು ಷರತ್ತು: ಕಲಿಸುವ ಭಾಷೆಯಲ್ಲೇ ನೀವು 12 ವರ್ಷ ಓದಿರಬೇಕು. ನಾನು ಬೆರಳು ಮಡಚಿ ಎಣಿಸಿದೆ. ಪಿಯುಸಿ ಎರಡು, ಇಂಜಿನಿಯರಿಂಗ್ ನಾಲ್ಕು. ಆರಕ್ಕೇ ನಿಂತಿತು. ಮುಂದೆ ದಕ್ಷಿಣ ಕೊರಿಯಾ. ಅಲ್ಲಿ ಇಂಗ್ಲಿಷ್ ಮೇಷ್ಟ್ರ ವೀಸಾ ಮುಖ್ಯವಾಗಿ ಏಳು ದೇಶದವರಿಗೆ: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ಭಾರತದ ಜೊತೆ 2010ರಲ್ಲಿ ಜಾರಿಗೆ ಬಂದ ವ್ಯಾಪಾರ ಒಪ್ಪಂದದಲ್ಲಿ ನಮಗೂ ಒಂದು ಕಿಟಕಿ ತೆರೆದಿದ್ದಾರೆ. ಆದರೆ ಅದು ಸಹಾಯಕ ಶಿಕ್ಷಕರಿಗೆ, ಅದೂ ಶಿಕ್ಷಕ ಅರ್ಹತೆ ಇರೋರಿಗೆ. ನನ್ನ ಬಳಿ ಇದ್ದದ್ದು ಇಂಜಿನಿಯರಿಂಗ್ ಡಿಗ್ರಿ.

ಉಳಿದದ್ದು ವಿಯೆಟ್ನಾಂ. ಭಾಷಾ ಕಲಿಕಾ ಕೇಂದ್ರಗಳಿಗೆ 2018ರಲ್ಲಿ ಅಲ್ಲಿನ ಶಿಕ್ಷಣ ಸಚಿವಾಲಯ ಮಾಡಿದ ನಿಯಮದಲ್ಲಿ ನನ್ನಂಥವರಿಗೂ ಜಾಗ ಇದೆ. ಇಂಗ್ಲಿಷ್ ಮಾತೃಭಾಷೆಯಾದವರಿಗೆ ಡಿಗ್ರಿ ಮತ್ತು ಕಲಿಸುವ ಸರ್ಟಿಫಿಕೇಟ್ ಸಾಕು. ಮಾತೃಭಾಷೆಯಲ್ಲದವರು ಇವೆರಡರ ಜೊತೆಗೆ ತಮ್ಮ ಇಂಗ್ಲಿಷ್ ಆರು ಮೆಟ್ಟಿಲಿನ ಅಳತೆಯಲ್ಲಿ ಐದನೇ ಮೆಟ್ಟಿಲಿಗೆ ಮುಟ್ಟಿದೆ ಅಂತ ಪರೀಕ್ಷೆ ಬರೆದು ತೋರಿಸಬೇಕು. ಐಇಎಲ್‌ಟಿಎಸ್ ಲೆಕ್ಕದಲ್ಲಿ 7 ಅಂಕ. ಕಷ್ಟವೇ, ಆದರೆ ಬಾಗಿಲು ಮುಚ್ಚಿಲ್ಲವಲ್ಲ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಈ ದಾರಿ ನೋಡುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಈ ಭಾಗ ಸ್ವಲ್ಪ ನಿಧಾನವಾಗಿ ಓದಿ. 2023ರ ಆಗಸ್ಟ್ 15ರಿಂದ ವಿಯೆಟ್ನಾಂ 90 ದಿನದ ಇ-ವೀಸಾ ಕೊಡೋಕೆ ಶುರು ಮಾಡಿತು. ಮನೆಯಲ್ಲೇ ಕೂತು 25 ಡಾಲರ್ ಕಟ್ಟಿದರೆ ಕೆಲವೇ ದಿನದಲ್ಲಿ ಬರುತ್ತೆ. ವೀಡಿಯೊ ಕಾಲಿನಲ್ಲಿ ಸಿಕ್ಕ ಹನೋಯಿಯ ಏಜೆಂಟ್ ಒಬ್ಬ, "ಪ್ರವಾಸಿ ವೀಸಾದಲ್ಲಿ ಬನ್ನಿ, ಸೋಮವಾರದಿಂದ ಕ್ಲಾಸು. ವರ್ಕ್ ಪರ್ಮಿಟ್ ಆಮೇಲೆ ನಿಧಾನವಾಗಿ ಮಾಡ್ಕೊಳ್ಳೋಣ, ಎಲ್ಲರೂ ಹಾಗೇ ಮಾಡೋದು" ಅಂದ. ಎಲ್ಲರೂ ಹಾಗೇ ಮಾಡೋದು ಅನ್ನುವ ಮಾತಿಗೆ ನಾವು ಬಲು ಬೇಗ ಬಾಗುತ್ತೇವೆ. ಸೆಪ್ಟೆಂಬರಿನಲ್ಲಿ ಕೋಲ್ಕತ್ತದಲ್ಲಿ ವಿಮಾನ ಬದಲಿಸಿ ಹನೋಯಿಗೆ ಇಳಿದೆ.

ಒಂಬತ್ತು ದಿನ ಪಾಠ ಮಾಡಿದೆ. ಹತ್ತನೇ ದಿನ ಸಂಜೆ, ಬಣ್ಣಗಳ ಪಾಠದ ಮಧ್ಯೆ ರಿಸೆಪ್ಷನ್ನಿನ ಹುಡುಗಿ ಓಡಿ ಬಂದು ನನ್ನ ತೋಳು ಹಿಡಿದು ಎಳೆದುಕೊಂಡು ಹೋದಳು. ಕಾರ್ಮಿಕ ಇಲಾಖೆಯವರು ತಪಾಸಣೆಗೆ ಬಂದಿದ್ದರು. ಮೂರನೇ ಮಹಡಿಯ ಸ್ಟೋರ್ ರೂಮಿಗೆ ನನ್ನನ್ನು ತಳ್ಳಿ ಹೊರಗಿನಿಂದ ಚಿಲಕ ಹಾಕಿದಳು. ಕ್ರಿಸ್‌ಮಸ್ ಮರದ ರಟ್ಟಿನ ಡಬ್ಬದ ಮೇಲೆ, ದೀಪ ಆರಿಸಿಕೊಂಡು, ಫೋನ್ ಸೈಲೆಂಟಿಗೆ ಹಾಕಿ ನಲವತ್ತು ನಿಮಿಷ ಕೂತಿದ್ದೆ. ಪರ್ಮಿಟ್ ಇಲ್ಲದೆ ಕೆಲಸ ಮಾಡಿ ಸಿಕ್ಕಿಬಿದ್ದರೆ ದಂಡ ಹಾಕಿ ದೇಶದಿಂದ ಹೊರಗೆ ಹಾಕುತ್ತಾರೆ ಅಂತ ನನಗೆ ಗೊತ್ತಿತ್ತು. ಆದರೆ ಆ ಕತ್ತಲಲ್ಲಿ ಕಾನೂನಿಗಿಂತ ಹೆಚ್ಚಾಗಿ ನೆನಪಾದದ್ದು ಅಪ್ಪ. ಊರಲ್ಲಿ ಎಲ್ಲರಿಗೂ, "ಮಗ ಫಾರಿನ್ನಲ್ಲಿ ಮೇಷ್ಟ್ರು" ಅಂತ ಹೇಳಿಕೊಂಡು ತಿರುಗುತ್ತಿದ್ದರು. ಮೇಷ್ಟ್ರು ಕಳ್ಳನ ಹಾಗೆ ಅಟ್ಟದಲ್ಲಿ ಅವಿತುಕೊಂಡಿದ್ದ.

ಮಾರನೇ ದಿನ ಕೆಲಸ ಬಿಟ್ಟೆ. ಒಂಬತ್ತು ದಿನದ ಸಂಬಳ ಕೇಳಿದ್ದಕ್ಕೆ, ಅದು ಡೆಮೊ ಕ್ಲಾಸ್ ಅಂದರು. ಯಾರ ಹತ್ತಿರ ದೂರು ಕೊಡೋದು?

ವೀಸಾದಲ್ಲಿ ಇನ್ನೂ ಎರಡು ತಿಂಗಳಿತ್ತು. ಬಂದದ್ದಕ್ಕೆ ಊರಾದರೂ ನೋಡೋಣ ಅಂತ ರೈಲು ಹತ್ತಿ, ನೂರು ಚಿಲ್ಲರೆ ಕಿಲೋಮೀಟರ್ ದೂರದ ಹೈಫಾಂಗ್‌ಗೆ ಹೋದೆ. ಬಂದರಿನ ಊರು. ಹನೋಯಿಯಷ್ಟು ಪ್ರವಾಸಿಗರಿಲ್ಲ. ಫ್ರೆಂಚರು ಬಿಟ್ಟುಹೋದ ಹಳದಿ ಬಣ್ಣದ ನಾಟಕಮಂದಿರ, ತಾಮ್ ಬಾಕ್ ನದಿಯ ದಂಡೆ, ಬಂದರಿನ ಕಡೆ ಹೋಗುವ ಕಂಟೇನರ್ ಲಾರಿಗಳು. ಈ ಊರಿಗೆ ವಿಯೆಟ್ನಾಮಿನಲ್ಲಿ ಇನ್ನೊಂದು ಹೆಸರಿದೆ, ಕೆಂಪು ಫುಅಂಗ್ ಹೂವಿನ ನಗರ ಅಂತ. ಫುಅಂಗ್ ಅಂದರೆ ಯಾವುದು ಅಂತ ನೋಡಿದರೆ ನಮ್ಮ ಗುಲ್‌ಮೊಹರ್! ನಮ್ಮೂರ ಕಡೆ ಕತ್ತಿಕಾಯಿ ಮರ ಅಂತೀವಲ್ಲ, ಅದೇ. ಚಿಕ್ಕಂದಿನಲ್ಲಿ ಅದರ ಕಾಯಿ ಹಿಡಿದು ಕತ್ತಿವರಸೆ ಆಡಿದ್ದೆಷ್ಟೋ.

ಇನ್ನೊಂದು ನಂಟು ಬೀದಿ ಬದಿಯ ಪುಟ್ಟ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಸಿಕ್ಕಿತು. ಹೈಫಾಂಗ್‌ನ ಹೆಸರುವಾಸಿ ತಿಂಡಿ ಬಾನ್ ದಾ ಕುವಾ. ಕಂದು ಬಣ್ಣದ ಅಗಲ ಅಕ್ಕಿ ಶಾವಿಗೆಗೆ ಗದ್ದೆ ಏಡಿಯ ಸಾರು. ಏಡಿಯನ್ನು ಜಜ್ಜಿ, ನೀರಲ್ಲಿ ಕಿವುಚಿ, ಸೋಸಿ, ಕುದಿಸುತ್ತಾರೆ. ಮಳೆಗಾಲದಲ್ಲಿ ನಮ್ಮಜ್ಜಿ ಒರಳಲ್ಲಿ ಏಡಿ ಕುಟ್ಟಿ ಮಾಡುತ್ತಿದ್ದ ಸಾರಿನ ವಾಸನೆಯೇ. ಖಾರ ಮಾತ್ರ ಸಾಲದು.

ಆ ಏಡಿ ಸಾರಿನ ಅಂಗಡಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ಒಂದು ಚಿಕ್ಕ ಇಂಗ್ಲಿಷ್ ಕೇಂದ್ರವಿತ್ತು. ಧೈರ್ಯ ಮಾಡಿ ಒಳಗೆ ಹೋದೆ. ನಡೆಸುತ್ತಿದ್ದದ್ದು ನಲವತ್ತು ದಾಟಿದ ಒಬ್ಬ ಹೆಂಗಸು. ಅವರು ಕೇಳಿದ ಮೊದಲ ಪ್ರಶ್ನೆ ನನ್ನ ವಯಸ್ಸು. ಅಲ್ಲಿ ವಯಸ್ಸು ತಿಳಿಯದೆ ಮಾತೇ ಮುಂದಕ್ಕೆ ಹೋಗಲ್ಲ. ನೀನು, ನಾನು ಅನ್ನೋದಕ್ಕೆಲ್ಲ ಅಣ್ಣ, ಅಕ್ಕ, ತಮ್ಮ, ಚಿಕ್ಕಪ್ಪ ಅಂತ ಸಂಬಂಧದ ಪದಗಳೇ. ಅವರು ನನಗೆ ಚಿ, ಅಂದರೆ ಅಕ್ಕ ಆದರು. ನಾನು ಎಮ್, ತಮ್ಮ. ಎರಡನೇ ಪ್ರಶ್ನೆ: "ಪೇಪರ್ಸ್ ಇದೆಯಾ?" ಇಲ್ಲ ಅಂದೆ. ಹನೋಯಿಯ ಕಥೆಯನ್ನೂ ಹೇಳಿಬಿಟ್ಟೆ. ಚಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೂ ಒಂದು ಸಲ ದಂಡ ಕಟ್ಟಿದೀನಿ. ಮೊದಲು ಪೇಪರ್ಸ್, ಆಮೇಲೆ ಪಾಠ. ಊರಿಗೆ ಹೋಗಿ ಮಾಡಿಸಿಕೊಂಡು ಬಾ. ಮುಂದಿನ ಶಾಲಾ ವರ್ಷದವರೆಗೆ ಕಾಯ್ತೀನಿ" ಅಂದರು. ಹೊರಡುವ ಮುಂಚೆ ಅಲ್ಲಿನ ಆಸ್ಪತ್ರೆಯಲ್ಲಿ ಆರೋಗ್ಯ ತಪಾಸಣೆಯೊಂದನ್ನು ಮಾಡಿಸಿದರು. ಆ ಸರ್ಟಿಫಿಕೇಟಿಗೆ ಒಂದು ವರ್ಷ ಆಯಸ್ಸು.

ಆಯಸ್ಸು ಅಂದೆನಲ್ಲ, ವರ್ಕ್ ಪರ್ಮಿಟ್ ಅನ್ನೋದು ಪೂರ್ತಿ ಆಯಸ್ಸಿನ ಲೆಕ್ಕ. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಅರ್ಜಿ ಹಾಕುವ ದಿನಕ್ಕೆ ಆರು ತಿಂಗಳಿಗಿಂತ ಹಳೆಯದಾಗಿರಬಾರದು. ಡಿಗ್ರಿ ಸರ್ಟಿಫಿಕೇಟಿಗೆ ಮೊದಲು ವಿಶ್ವವಿದ್ಯಾಲಯದ ಪರಿಶೀಲನೆ, ಮೇಲೆ ರಾಜ್ಯ ಸರ್ಕಾರದ ಮುದ್ರೆ, ಅದರ ಮೇಲೆ ವಿದೇಶಾಂಗ ಸಚಿವಾಲಯದ ಮುದ್ರೆ, ಕೊನೆಗೆ ದಿಲ್ಲಿಯ ವಿಯೆಟ್ನಾಂ ರಾಯಭಾರ ಕಚೇರಿಯ ಮುದ್ರೆ. ಅಪೊಸ್ಟಿಲ್ ಅಂತ ಒಂದೇ ಮುದ್ರೆಯಲ್ಲಿ ಮುಗಿಸುವ ಅಂತರರಾಷ್ಟ್ರೀಯ ಒಪ್ಪಂದ ಇದೆ, ಭಾರತ ಅದರಲ್ಲಿ 2005ರಿಂದ ಇದೆ. ಆದರೆ ನಾನು ಅರ್ಜಿ ಹಾಕುವಾಗ ವಿಯೆಟ್ನಾಂ ಅದರಲ್ಲಿರಲಿಲ್ಲ. ಹಾಗಾಗಿ ಕಾಗದವೇ ನನಗಿಂತ ಹೆಚ್ಚು ಊರು ಸುತ್ತಿತು.

ಡಿಸೆಂಬರಿನಲ್ಲಿ ಐಇಎಲ್‌ಟಿಎಸ್ ಬರೆದೆ. ಹದಿನಾರು ಸಾವಿರದ ಮೇಲೆ ಫೀಸು. ಬಂದದ್ದು 6.5. ಅರ್ಧ ಅಂಕ! ಎಂಟು ವರ್ಷ ಅಮೆರಿಕದವರ ಜೊತೆ ದಿನಾ ರಾತ್ರಿ ಕಾಲ್‌ನಲ್ಲಿ ಇಂಗ್ಲಿಷಿನಲ್ಲೇ ಜಗಳ ಆಡಿದವನಿಗೆ 6.5. ಮತ್ತೆ ಹಾಸನದ ಹಾಸ್ಟೆಲಿನ ಹುಡುಗನೇ ಆಗಿಹೋದೆ. ಫೋನ್ ಮಾಡಿ ಅಳಲಿಲ್ಲ ಅಷ್ಟೇ. ಫೆಬ್ರವರಿಯಲ್ಲಿ ಇನ್ನೊಂದು ಸಲ ಬರೆದೆ, 7 ಬಂತು. ಒಂದೇ ಒಂದು ದಶಮಾಂಶ ಹೆಚ್ಚಿಲ್ಲ.

ಪೊಲೀಸ್ ಕ್ಲಿಯರೆನ್ಸನ್ನು ಜನವರಿ 8ಕ್ಕೇ ತಗೊಂಡುಬಿಟ್ಟಿದ್ದೆ. ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ 500 ರೂಪಾಯಿ ಕಟ್ಟಿ, ಸುಲಭವಾಗಿ ಸಿಕ್ಕಿತು ಅಂತ ಬೀಗಿದ್ದೆ. ಅದರ ಗಡಿಯಾರ ಅವತ್ತಿನಿಂದಲೇ ಓಡುತ್ತಿದೆ ಅನ್ನೋದು ಹೊಳೆದಿರಲಿಲ್ಲ. ಡಿಗ್ರಿ ಎಲ್ಲ ಮುದ್ರೆ ಹಾಕಿಸಿಕೊಂಡು, ಹೈಫಾಂಗ್ ತಲುಪಿ, ವಿಯೆಟ್ನಾಮಿ ಭಾಷೆಗೆ ಅನುವಾದವಾಗುವ ಹೊತ್ತಿಗೆ ಏಪ್ರಿಲ್ ಮುಗಿಯುತ್ತಿತ್ತು. ಆಗ ಚಿ ಮೆಸೇಜ್ ಮಾಡಿದರು: "ಎಮ್, ಡಿಗ್ರಿಯಲ್ಲಿರೋ ಎಚ್ ಎಸ್ ಯಾರು?"

ಹಳೇ ಮೈಸೂರು ಕಡೆಯವರಿಗೆ ಈ ತಾಪತ್ರಯ ಅರ್ಥವಾಗುತ್ತೆ. ನಮಗೆ ಮನೆತನದ ಹೆಸರು ಅಂತ ಇಲ್ಲ. ಎಚ್ ಅಂದರೆ ಊರು, ಎಸ್ ಅಂದರೆ ಅಪ್ಪ. ಪಾಸ್‌ಪೋರ್ಟಿನಲ್ಲಿ ಬರೀ ಅಕ್ಷರ ಒಪ್ಪೋದಿಲ್ಲ ಅಂತ ಎರಡನ್ನೂ ಬಿಡಿಸಿ ಬರೆದಿದ್ದಾರೆ. ಡಿಗ್ರಿಯಲ್ಲಿ ಎರಡಕ್ಷರ ಮಾತ್ರ. ಹೈಫಾಂಗ್‌ನ ಗುಮಾಸ್ತರ ಕಣ್ಣಿಗೆ ಇವರಿಬ್ಬರೂ ಬೇರೆ ಬೇರೆ ಮನುಷ್ಯರು. ಅಲ್ಲಿ ಹತ್ತು ಜನರಲ್ಲಿ ಮೂರು ನಾಲ್ಕು ಮಂದಿಯ ಮನೆತನದ ಹೆಸರು ಒಂದೇ, ಙುಯೆನ್. ಅಂಥವರಿಗೆ ಊರಿನ ಹೆಸರು ಮನುಷ್ಯನ ಹೆಸರಲ್ಲಿ ಯಾಕೆ ಬಂತು ಅಂತ ಹೇಗೆ ಹೇಳೋದು? (ಅಂದಹಾಗೆ, ಕ ಖ ಗ ಘ ಆದ ಮೇಲೆ ಬರುವ ಙ ಅಕ್ಷರಕ್ಕೆ ಜೀವನದಲ್ಲಿ ಮೊದಲ ಸಲ ಕೆಲಸ ಸಿಕ್ಕಿದ್ದು ವಿಯೆಟ್ನಾಮಿನಲ್ಲಿ. ಅಲ್ಲಿ ಎಷ್ಟೋ ಪದ ಆ ಸದ್ದಿನಿಂದಲೇ ಶುರು. ಬೇರೆ ವಿದೇಶಿಯರು ಒದ್ದಾಡುತ್ತಿದ್ದರೆ ನಾನು ಒಂದನೇ ಕ್ಲಾಸಿನ ಕಾಗುಣಿತ ನೆನೆದು ಸಲೀಸಾಗಿ ಹೇಳುತ್ತಿದ್ದೆ.)

ಇಬ್ಬರೂ ಒಬ್ಬರೇ ಅಂತ ಛಾಪಾ ಕಾಗದದಲ್ಲಿ ಅಫಿಡವಿಟ್ ಮಾಡಿಸಬೇಕಾಯಿತು. ನೋಟರಿ ಹತ್ತಿರ ಅಪ್ಪನೂ ಬಂದಿದ್ದರು. ಟೈಪ್ ಮಾಡುವವನು ಅಪ್ಪನ ಹೆಸರನ್ನು ಪೂರ್ತಿಯಾಗಿ ಹೊಡೆದದ್ದನ್ನು ಕನ್ನಡಕ ಏರಿಸಿ ಓದಿ, "ಇಷ್ಟು ವರ್ಷ ಒಂದಕ್ಷರದಲ್ಲಿ ಮುದುರಿಕೊಂಡಿದ್ದೆ ನೋಡು" ಅಂದರು. ಅದಕ್ಕೂ ಮತ್ತೆ ಅದೇ ಮುದ್ರೆಗಳ ಮೆರವಣಿಗೆ. ದಿಲ್ಲಿಯಿಂದ ಕೊರಿಯರ್ ಬರೋದು ತಡವಾದ ಒಂದೊಂದು ದಿನವೂ ಪೊಲೀಸ್ ಸರ್ಟಿಫಿಕೇಟ್ ಮುದಿಯಾಗುತ್ತಿತ್ತು. ಕೈಯಲ್ಲಿದ್ದ ದುಡ್ಡೂ ಕರಗುತ್ತಿತ್ತು. ಆ ಜೂನಿನಲ್ಲಿ ಒಂದು ಕಂಪನಿಯಿಂದ ಆಫರ್ ಬಂತು, ಹಳೆಯ ಸಂಬಳಕ್ಕಿಂತ ತುಸು ಕಡಿಮೆ. ಎರಡು ದಿನ ಉತ್ತರ ಕೊಡದೆ ಇಟ್ಟುಕೊಂಡಿದ್ದು, ಮೂರನೇ ದಿನ ಬೇಡ ಅಂದೆ. ಈಗಲೂ ಅದು ಬುದ್ಧಿವಂತಿಕೆಯೋ ಹುಂಬತನವೋ ಅಂತ ಯಾರಾದರೂ ಕೇಳಿದರೆ ಥಟ್ಟನೆ ಹೇಳಲಾರೆ.

ಹೈಫಾಂಗ್‌ನಲ್ಲಿ ಅರ್ಜಿ ಸಲ್ಲಿಕೆಯಾದದ್ದು 2024ರ ಜುಲೈ 3ಕ್ಕೆ. ಇನ್ನು ಐದು ದಿನ ದಾಟಿದ್ದರೆ ಪೊಲೀಸ್ ಕ್ಲಿಯರೆನ್ಸ್ ಹೊಸದಾಗಿ ಮಾಡಿಸಬೇಕಿತ್ತು. ಪರ್ಮಿಟ್ ಬಂತು. ಅದರ ಆಧಾರದ ಮೇಲೆ ಕೆಲಸದ ವೀಸಾ, ಹೋದ ಮೇಲೆ ತಾತ್ಕಾಲಿಕ ವಾಸದ ಕಾರ್ಡು. ಪರ್ಮಿಟಿನ ಗರಿಷ್ಠ ಅವಧಿ ಎರಡು ವರ್ಷ. ಆಗಸ್ಟಿನಲ್ಲಿ ಹನೋಯಿ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ನನ್ನ ವೀಸಾ ನೋಡಿ ತಲೆಯೆತ್ತದೆ ಮುದ್ರೆ ಒತ್ತಿ ಕಳಿಸಿದ. ಅಷ್ಟೇ. ಎಂಟು ತಿಂಗಳ ಪರದಾಟಕ್ಕೆ ಮೂರು ಸೆಕೆಂಡು.

ಬಂದು ತಿಂಗಳಾಗಿರಲಿಲ್ಲ, ಸೆಪ್ಟೆಂಬರ್ 7ರಂದು ಯಾಗಿ ಚಂಡಮಾರುತ ಹೈಫಾಂಗ್ ಮತ್ತು ಪಕ್ಕದ ಕ್ವಾಂಗ್ ನಿನ್ ತೀರಕ್ಕೆ ಅಪ್ಪಳಿಸಿತು. ಬಾಗಿಲಿಗೆ ಮಂಚ ಒತ್ತಿಟ್ಟು ಕೂತಿದ್ದೆ. ಬೆಳಗ್ಗೆ ಹೊರಗೆ ಬಂದರೆ ನಮ್ಮ ಬೀದಿಯ ಗುಲ್‌ಮೊಹರ್ ಮರಗಳು ಬೇರು ಮೇಲೆ ಮಾಡಿ ಮಲಗಿದ್ದವು. ಕರೆಂಟಿಲ್ಲ, ನೀರಿಲ್ಲ. ಪಕ್ಕದ ಮನೆಯವರು ನಾನು ಯಾರು, ಎಲ್ಲಿಯವನು ಅಂತ ಕೇಳದೆ ಒಂದು ಬಕೆಟ್ ನೀರು ಬಾಗಿಲ ಮುಂದೆ ಇಟ್ಟು ಹೋದರು.

ಕ್ಲಾಸು ಮತ್ತೆ ಶುರುವಾಗುವ ಮುಂಚೆ ಪೋಷಕರ ಸಭೆ. ಹಿಂದಿನ ದಿನ ಚಿ ಕಣ್ಣು ತಪ್ಪಿಸಿಕೊಂಡು ಹೇಳಿದರು: "ಎಮ್, ನೀನು ಲಂಡನ್ನಿನಲ್ಲಿ ಬೆಳೆದವನು ಅಂದುಬಿಡೋಣವಾ? ಅವರಿಗೆ ಮಾತೃಭಾಷೆಯವರೇ ಬೇಕು." ಅವರನ್ನು ತಪ್ಪು ಅನ್ನಲಾರೆ, ಬಾಡಿಗೆ ಕಟ್ಟಬೇಕಲ್ಲ. ಇನ್ನೊಂದು ಬ್ಯಾಚಿನ ದಕ್ಷಿಣ ಆಫ್ರಿಕಾದ ಮೇಷ್ಟ್ರಿಗೆ ಗಂಟೆಗೆ ನಾಲ್ಕೂವರೆ ಲಕ್ಷ ಡಾಂಗ್, ನನಗೆ ಮೂರು ಲಕ್ಷ. (ಹೆದರಬೇಡಿ, ಮೂರು ಲಕ್ಷ ಅಂದರೆ ನಮ್ಮ ಒಂದು ಸಾವಿರ ರೂಪಾಯಿ.) ವ್ಯತ್ಯಾಸ ಪಾಠದ್ದಲ್ಲ, ಪಾಸ್‌ಪೋರ್ಟಿನದು. ಆದರೆ ಲಂಡನ್ ಅಂದ ಕೂಡಲೇ ನನ್ನ ಮೂಗಿಗೆ ಆ ಸ್ಟೋರ್ ರೂಮಿನ ರಟ್ಟಿನ ವಾಸನೆ ಬಂತು. "ಬೇಡ ಚಿ" ಅಂದೆ.

ಸಭೆಯಲ್ಲಿ ಬಾಯಿಪಾಠ ಮಾಡಿದ್ದ ವಿಯೆಟ್ನಾಮಿ ಭಾಷೆಯಲ್ಲಿ ಹೇಳಿದೆ: ನಾನು ಭಾರತದವನು. ನನ್ನ ಭಾಷೆ ಕನ್ನಡ. ಇಂಗ್ಲಿಷ್ ಕಲಿಯೋಕೆ ಶುರು ಮಾಡಿದ್ದು ಹತ್ತನೇ ವಯಸ್ಸಿಗೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹದಿನಾಲ್ಕು ಮಕ್ಕಳಲ್ಲಿ ಐವರನ್ನು ಆ ವಾರವೇ ಇನ್ನೊಂದು ಬ್ಯಾಚಿಗೆ ಹಾಕಿಸಿಕೊಂಡರು. ಹಿಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜಿ ಮಾತ್ರ ಎದ್ದು ನಿಂತು ಕೇಳಿದರು, "ಹತ್ತಕ್ಕೆ ಶುರು ಮಾಡಿ ಮೇಷ್ಟ್ರಾದೆಯಾ? ನನ್ನ ಮೊಮ್ಮಗ ಎಂಟಕ್ಕೇ ಶುರು ಮಾಡಿದಾನೆ. ಎರಡು ವರ್ಷ ಮುಂದಿದಾನೆ ಹಾಗಾದರೆ!"

ಆ ಮೊಮ್ಮಗನನ್ನು ಮನೆಯಲ್ಲಿ ತೋಮ್ ಅಂತ ಕರೀತಾರೆ, ಅಂದರೆ ಸಿಗಡಿ. ಅಲ್ಲಿ ಮಕ್ಕಳಿಗೆ ಹೀಗೆ ಮುದ್ದಿನ ಹೆಸರುಗಳು. ತೋಮ್‌ನ ಕಷ್ಟ ಇಡೀ ಕ್ಲಾಸಿನ ಕಷ್ಟ. ಪದದ ಕೊನೆಯ ವ್ಯಂಜನ ಬಾಯಿಂದ ಹೊರಗೆ ಬರೋದೇ ಇಲ್ಲ. ರೈಸ್ ಅನ್ನಲು ರೈ, ಫೈವ್‌ಗೆ ಫೈ, ಲೈಕ್‌ಗೆ ಲೈ. ಅವರ ಭಾಷೆಯ ಪದಗಳು ಆ ಥರ ಮುಗಿಯೋದಿಲ್ಲ, ಹಾಗಾಗಿ ಬಾಲ ಕತ್ತರಿಸಿ ಬಿಡುತ್ತಾರೆ. ನಾನು ಒಂದು ವಾರ "ಸ್... ಸ್..." ಅಂತ ಹಾವಿನ ಹಾಗೆ ಬುಸುಗುಟ್ಟಿದ್ದೇ ಬಂತು.

ಆಮೇಲೆ ಒಂದು ರಾತ್ರಿ ಹೊಳೆಯಿತು. ನಮ್ಮದು ತದ್ವಿರುದ್ಧದ ಕಷ್ಟ ಅಲ್ಲವಾ? ಕನ್ನಡದ ನಾಲಗೆಗೆ ವ್ಯಂಜನದಲ್ಲಿ ಪದ ಮುಗಿದರೆ ನೆಮ್ಮದಿಯಿಲ್ಲ, ಒಂದು ಉಕಾರ ಅಂಟಿಸಿಯೇ ಬಿಡುತ್ತೇವೆ. ಬಸ್ಸು, ಕಾರು, ರೈಸು, ಲೈಕು. ಕಾಲೇಜಿನಲ್ಲಿ ಸಿಟಿ ಹುಡುಗರು ನನ್ನ ಈ ಉಕಾರವನ್ನು ಅಣಕಿಸಿ ನಕ್ಕಿದ್ದರಿಂದಲೇ ನಾನು ಎರಡು ವರ್ಷ ಕ್ಲಾಸಿನಲ್ಲಿ ಬಾಯಿ ಬಿಟ್ಟಿರಲಿಲ್ಲ. ಅದನ್ನು ಕಳೆದುಕೊಳ್ಳಲು ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದ್ದೆ.

ಮಾರನೇ ದಿನ ಮಕ್ಕಳಿಗೆ, ಎಲ್ಲ ಪದದ ಕೊನೆಗೆ ಒಂದು ಉ ಸೇರಿಸಿ ಜೋರಾಗಿ ಹೇಳಿ ಅಂದೆ. ರೈಸು! ಫೈವು! ಲೈಕು! ನಕ್ಕು ನಕ್ಕು ಬಿದ್ದರು. ಆದರೆ ಕಾಣೆಯಾಗಿದ್ದ ಸ್, ವ್, ಕ್ ಎಲ್ಲ ಬಂದುಬಿಟ್ಟವು. ಇನ್ನು ಉಕಾರವನ್ನು ಮೆಲ್ಲಗೆ ಮಾಡಿ, ಇನ್ನೂ ಮೆಲ್ಲಗೆ, ಈಗ ನುಂಗಿಬಿಡಿ ಅಂದೆ. ತೋಮ್ ಕಣ್ಣು ಮುಚ್ಚಿಕೊಂಡು, ಕತ್ತು ಉದ್ದ ಮಾಡಿ, ಗುಳುಕ್ಕನೆ ನುಂಗಿ, "ರೈಸ್" ಅಂದ. ಎರಡು ತಿಂಗಳಲ್ಲಿ ಹೆಚ್ಚಿನವರಿಗೆ ಬಂತು. ನುಂಗೋದು ಮರೆತು ಉಕಾರವನ್ನು ಹಾಗೇ ಇಟ್ಟುಕೊಂಡವರೂ ಇದ್ದಾರೆ, ಸುಳ್ಳು ಯಾಕೆ ಹೇಳಲಿ.

ನವೆಂಬರ್ 20 ಅಲ್ಲಿ ಶಿಕ್ಷಕರ ದಿನ. ಬೇರೆ ಬ್ಯಾಚಿಗೆ ಹೋಗಿದ್ದ ಐವರಲ್ಲಿ ಇಬ್ಬರು ಅಷ್ಟರಲ್ಲಿ ವಾಪಸ್ ಬಂದಿದ್ದರು, ಮೂವರು ಬರಲಿಲ್ಲ. ಮಕ್ಕಳೆಲ್ಲ ಹೂವು ಹಿಡಿದು ಸಾಲಾಗಿ ಬಂದು, "ಥೈ" ಅಂದರು. ಗಂಡು ಮೇಷ್ಟ್ರನ್ನು ಕರೆಯುವ ಪದ. ಗಂಟೆಗೆ ಮೂರು ಲಕ್ಷವೇ ಇರಲಿ, ನಾಲ್ಕೂವರೆಯೇ ಇರಲಿ, ಆ ಪದ ಒಂದೇ.

ಈ ವರ್ಷ ಮೇ ತಿಂಗಳಲ್ಲಿ, ಚಂಡಮಾರುತದಲ್ಲಿ ಉಳಿದ ಗುಲ್‌ಮೊಹರ್‌ಗಳು ಹೂ ಬಿಟ್ಟವು. ಅಲ್ಲಿ ಆ ಹೂವು ಬಂತೆಂದರೆ ಪರೀಕ್ಷೆ ಮುಗಿದು ಶಾಲೆಗೆ ರಜೆ ಹತ್ತಿರ ಬಂತು ಅಂತ ಅರ್ಥ. ನನ್ನ ಪರ್ಮಿಟಿಗೆ ಇನ್ನು ಒಂದು ವರ್ಷ ಚಿಲ್ಲರೆ ಬಾಕಿ. ಇನ್ನೊಂದು ಅವಧಿಗೆ ಇರೋದಾದರೆ ಕಾಗದ ಪತ್ರಗಳ ಕೆಲಸಕ್ಕೆ ಈಗಿನಿಂದಲೇ ಅಣಿಯಾಗು ಅಂತ ಚಿ ಹೇಳುತ್ತಿದ್ದಾರೆ. ಅಪ್ಪನ ಅಫಿಡವಿಟ್ ಮಾತ್ರ ಜೋಪಾನವಾಗಿ ಎತ್ತಿಟ್ಟಿದ್ದೇನೆ.

ಕೊನೆಯ ಕ್ಲಾಸಿನ ದಿನ ಮಕ್ಕಳನ್ನು ಹೊರಗೆ ಮರದ ಕೆಳಗೆ ಕೂರಿಸಿಕೊಂಡಿದ್ದೆ. ಅಷ್ಟರಲ್ಲಿ ಅಮ್ಮ ವೀಡಿಯೊ ಕಾಲ್ ಮಾಡಿದಳು. ಮಕ್ಕಳನ್ನು ತೋರಿಸೋಣ ಅಂತ ಫೋನ್ ತಿರುಗಿಸಿದೆ. ಅದೇ ಹೊತ್ತಿಗೆ ಬೀದಿಯಲ್ಲಿ ಬಂದ ಹಸಿರು ಬಣ್ಣದ ಬಸ್ಸನ್ನು ನೋಡಿ, ತೋಮ್ ಮತ್ತವನ ಸಂಗಡಿಗರು ನುಂಗೋದನ್ನು ಪೂರ್ತಿ ಮರೆತು, ಗಂಟಲು ಹರಿಯುವಂತೆ "ಬಸ್ಸು! ಬಸ್ಸು!" ಅಂತ ಕೂಗಿದರು.

ಅಮ್ಮ ಫೋನಿಗೆ ಇನ್ನೂ ಹತ್ತಿರ ಬಂದು ನೋಡಿದಳು. "ಇಂಗ್ಲಿಷ್ ಹೇಳ್ಕೊಡ್ತೀನಿ ಅಂತ ಹೋಗಿ ಕನ್ನಡ ಹೇಳ್ಕೊಡ್ತಿದೀಯೇನೋ?"